ಹುಣಸೆಮರದ ಕೆಳಗೆ ಕೂತ ಮಧ್ಯಾಹ್ನ

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ನೋಟೀಸು ಅಂಟಿಸಿದ್ದರು. ಸೆಲ್ಲಾರಿನಲ್ಲಿ ಧೂಳು ತಿನ್ನುತ್ತಾ ನಿಂತಿರುವ ಸೈಕಲ್ಲುಗಳಿಗೆಲ್ಲ ಮನೆ ನಂಬರಿನ ಟ್ಯಾಗು ಕಟ್ಟಬೇಕು, ಓಡುವ ಸ್ಥಿತಿಯಲ್ಲಿ ಇಲ್ಲದವನ್ನು ಗುಜರಿಗೆ ಹಾಕಲಾಗುವುದು ಎಂದು. ನಾನು ಕೆಳಗಿಳಿದು ನಮ್ಮ ಎರಡು ಸೈಕಲ್ಲುಗಳನ್ನು ಕಂಬದ ಹಿಂದಿನಿಂದ ಈಚೆಗೆ ಎಳೆಯುತ್ತಿದ್ದಾಗ ಸಂಘದ ಕಾರ್ಯದರ್ಶಿ ಮೇಡಂ ಪುಸ್ತಕ, ಪೆನ್ನು ಹಿಡಿದು ಅಲ್ಲೇ ನಿಂತಿದ್ದರು.

"ಎರಡೂ ನಿಮ್ದೇನಾ ಸಾರ್? ಮನೇಲಿರೋರು ಒಬ್ರು, ಸೈಕಲ್ ಎರಡು. ಒಂದನ್ನ ಯಾರಿಗಾದ್ರೂ ಕೊಟ್ಬಿಡಿ. ಜಾಗನಾದ್ರೂ ಆಗತ್ತೆ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಮೂರು ವರ್ಷದಿಂದ ನಾನೊಬ್ಬನೇ ಇರುವುದು ಇಡೀ ಕಟ್ಟಡಕ್ಕೆ ಗೊತ್ತು. ಆದರೂ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದಷ್ಟೇ ಹೇಳಿ, ಒಂದೊಂದು ಕೈಯಲ್ಲಿ ಒಂದೊಂದು ಸೈಕಲ್ ಹಿಡಿದು ಶ್ರೀನಗರದ ಕಡೆ ತಳ್ಳಿಕೊಂಡು ಹೊರಟೆ. ಗಾಳಿಯಿಲ್ಲದ ನಾಲ್ಕು ಟೈರುಗಳು ದಾರಿಯುದ್ದಕ್ಕೂ ಲೊಟಲೊಟ ಎನ್ನುತ್ತಿದ್ದವು.

ಅಲ್ಲಿ ನಂಜುಂಡಪ್ಪನವರ ಸೈಕಲ್ ಅಂಗಡಿ ಇದೆ. ಎಪ್ಪತ್ತು ದಾಟಿದವರು, ಮಾತು ಕಡಿಮೆ. ನಾನು ಹೋದಾಗ ಯಾರದೋ ಟ್ಯೂಬಿಗೆ ಸಲ್ಯೂಷನ್ ಹಚ್ಚಿ, ಒಣಗಲೆಂದು ಬಾಯಲ್ಲಿ ಊದುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂರು ವರ್ಷದ ಹಿಂದಿನ ಆ ಪುಷ್ಯಮಾಸ ಇಡಿಯಾಗಿ ಎದುರಿಗೆ ಬಂದು ನಿಂತಿತು. ಆ ಎಂಟು ದಿನಗಳಲ್ಲಿ ಆರು ಸಲ ಪಂಚರ್ ಹಾಕಿದ್ದೆ. ಆರೂ ಸಲ ಗಿರಿಜಾ ಎದುರಿಗೆ ಕುಕ್ಕರಗಾಲಲ್ಲಿ ಕೂತು ಸಲ್ಯೂಷನ್ನಿನ ಮುಚ್ಚಳ ಹಿಡಿದುಕೊಂಡಿದ್ದಳು.

ಗಿರಿಜಾ ನನ್ನ ಹೆಂಡತಿ. ಸವಣೂರಿನವಳು. ಮದುವೆಯಾಗಿ ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದರೂ ಅವಳ ಮಾತು ತುಂಗಭದ್ರೆಯನ್ನು ದಾಟಿ ಈಚೆಗೆ ಬರಲೇ ಇಲ್ಲ. ಬಿಳೇಕಹಳ್ಳಿಯ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಕೊಡುವುದು ಅವಳ ಕೆಲಸ. ನನ್ನದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಪ್ಪ ಇಟ್ಟ ಸ್ಟೀಲ್ ಪಾತ್ರೆ ಅಂಗಡಿ. ನಮಗೆ ಮಕ್ಕಳಾಗಲಿಲ್ಲ. ಮೊದಮೊದಲು ಅದರ ಬಗ್ಗೆ ಮಾತಾಡುತ್ತಿದ್ದೆವು, ಆಮೇಲೆ ಬಿಟ್ಟೆವು. ಅದೊಂದು ಮಾತು ಬಿಟ್ಟಮೇಲೆ ಉಳಿದ ಮಾತುಗಳೂ ಒಂದೊಂದಾಗಿ ಕಡಿಮೆಯಾದವು.

ನಾನು ಗಲ್ಲಾದ ಮೇಲೆ ಕೂತು ಬೆಳೆದವನು. ಅಪ್ಪ ಕಲಿಸಿದ್ದು ಒಂದೇ. ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಎಂದು ಕರೆಯಬಾರದು, ಕೂತಲ್ಲಿಂದ ಏಳಬಾರದು. ನಾಲ್ಕು ಅಂಗಡಿ ತಿರುಗಲು ಹೋದ ಗಿರಾಕಿ ವಾಪಸ್ಸು ಬಂದಾಗ ನಾವು ಅದೇ ಜಾಗದಲ್ಲಿ ಕಾಣಬೇಕು. ಹಾಗೆ ಕೂತೇ ಅವರು ಅಂಗಡಿಯನ್ನು ದೊಡ್ಡದು ಮಾಡಿದ್ದರು. ನನಗೂ ಅದು ಮೈಗೆ ಹತ್ತಿತು. ಅಂಗಡಿಗೆ ಒಪ್ಪುವ ಬುದ್ಧಿ ಮನೆಗೂ ಒಪ್ಪುತ್ತದೆಯೇ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಬೆಂಗಳೂರಿನಿಂದ ಸವಣೂರಿಗೆ ಸೈಕಲ್ಲಿನಲ್ಲಿ ಹೋಗೋಣ ಎಂದದ್ದು ಗಿರಿಜಾ. ಒಂದು ಭಾನುವಾರ ತಿಂಡಿ ತಿನ್ನುತ್ತಾ, "ರೀ, ಸೈಕಲ್ ಮ್ಯಾಲ ಊರಿಗೆ ಹೋಗೂಣೇನು? ಸಂಕ್ರಮಣಕ್ಕ ಮುಟ್ಟೂಣು. ದಾರ್ಯಾಗ ಮಾತಾಡ್ಕೋತ ಹೋಗಾಕ ಬರತೈತಿ," ಎಂದಳು. ಕೊನೆಯ ಮಾತನ್ನು ನಾನು ಗಮನಿಸಲಿಲ್ಲ. ನನಗೆ ಉತ್ಸಾಹ ಬಂದದ್ದು ಸೈಕಲ್ಲಿನ ಬಗ್ಗೆ. ಮರುದಿನವೇ ನನಗೊಂದು ಹೊಸ ಗೇರ್ ಸೈಕಲ್ ಕೊಂಡೆ. ಅವಳಿಗೆ ಗಿರಿನಗರದಲ್ಲಿ ಒಬ್ಬರು ಮಾರುತ್ತಿದ್ದ ಹಳೆಯದು ಸಿಕ್ಕಿತು. ಇಷ್ಟಪಟ್ಟು ಓಡಿಸುತ್ತಾಳೋ ಇಲ್ಲವೋ, ಆಮೇಲೆ ಹೊಸದು ನೋಡಿದರಾಯಿತು ಎಂದುಕೊಂಡೆ.

ಹೊರಡುವ ಹಿಂದಿನ ದಿನ ಅವಳ ಚೀಲವನ್ನು ಸೈಕಲ್ಲಿಗೆ ಕಟ್ಟಲು ಹೋದಾಗ, ಬಟ್ಟೆಗಳ ಮೇಲೆ ಒಂದು ಪತ್ರ ಕಂಡಿತು. ಅವಳ ಕ್ಲಿನಿಕ್ಕಿನವರು ಹುಬ್ಬಳ್ಳಿಯಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳಲು ಬರುತ್ತೀರಾ, ಹದಿನೈದನೆಯ ತಾರೀಖಿನೊಳಗೆ ತಿಳಿಸಿ ಎಂದು ಅದರಲ್ಲಿತ್ತು. ನಾನು ಓದಿ, ಮಡಿಸಿ, ಇದ್ದ ಹಾಗೆಯೇ ಇಟ್ಟೆ. ಅವಳೇ ಹೇಳಲಿ ಎಂದುಕೊಂಡೆ. ಹೇಳಿದಾಗ ಹೋಗಬೇಡ ಎನ್ನಬೇಕೆಂದೂ ಅಂದೇ ನಿಶ್ಚಯಿಸಿದ್ದೆ. ಆದರೆ ಮೊದಲು ಅವಳು ಬಾಯಿ ಬಿಡಬೇಕು.

ಹೊಸ ವರ್ಷದ ಮೊದಲ ವಾರ, ಬೆಳಕು ಹರಿಯುವ ಹೊತ್ತಿಗೆ ಮಾಗಡಿ ರಸ್ತೆ ಹಿಡಿದೆವು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ್ದೆ. ಹೊರಡುವ ಮೊದಲು ನಾನು ಮೂರು ನಿಯಮ ಮಾಡಿದ್ದೆ. ಮುಂದೆ ಹೋದವರು ದಾರಿ ಒಡೆಯುವ ಕಡೆಯಲ್ಲೆಲ್ಲ ಹಿಡಿದ ದಾರಿಯ ಮೇಲೆ ಒಂದು ಹೊಂಗೆ ಟೊಂಗೆ ಇಟ್ಟು ಕಲ್ಲು ಹೇರಬೇಕು. ಮುಂದೆ ಹೋದವರು ನೆರಳಿದ್ದ ಕಡೆ ಕಾಯಬೇಕೇ ಹೊರತು ಹಿಂದಕ್ಕೆ ಬರಬಾರದು. ಹಿಂದಿದ್ದವರು ದಾರಿ ತಪ್ಪಿದರೆ ತಪ್ಪಿದ ಜಾಗದಲ್ಲೇ ನಿಲ್ಲಬೇಕು. ಮೊಬೈಲಿನ ಬಗ್ಗೆಯೂ ಒಂದು ಕಟ್ಟಳೆ ಇತ್ತು. ದಾರಿ ನೋಡಲು ನನ್ನದೊಂದು ಸಾಕು, ಅವಳದು ಆಫ್ ಆಗಿ ನನ್ನ ಚೀಲದಲ್ಲಿರಲಿ. ನೆಮ್ಮದಿಗೆ ಎಂದು ಕಾರಣ ಕೊಟ್ಟೆ. ನಿಜವೆಂದರೆ ಹುಬ್ಬಳ್ಳಿಯ ವಿಷಯವಾಗಿ ಅವಳ ಆಫೀಸಿನಿಂದ ಕರೆ ಬರುವುದು ನನಗೆ ಬೇಕಿರಲಿಲ್ಲ. ಗಿರಿಜಾ ಮೊಬೈಲನ್ನು ಕೊಟ್ಟಳು. "ನಿಮ್ಮ ಅಂಗಡ್ಯಾಗೂ ಇಷ್ಟ ರೂಲ್ಸ್ ಇಲ್ಲರಿ," ಎಂದು ನಕ್ಕಳು.

ಮಾಗಡಿ ದಾಟಿದ ಮೇಲೆ ಮಂಜು. ಹತ್ತು ಮಾರು ಮುಂದೆ ಏನೂ ಕಾಣುತ್ತಿರಲಿಲ್ಲ. ರಾಗಿ ಕೊಯ್ದ ಹೊಲಗಳಿಂದ ಒದ್ದೆ ಹುಲ್ಲಿನ ವಾಸನೆ ಬರುತ್ತಿತ್ತು, ಬಿಸಿಲು ಬಿದ್ದಮೇಲೆ ಅದೇ ವಾಸನೆ ಬೆಚ್ಚಗಾಯಿತು. ಒಂದು ಉದ್ದನೆಯ ಇಳಿಜಾರಿನಲ್ಲಿ ನಾನು ಪೆಡಲ್ ಮೇಲೆ ಕಾಲಿಟ್ಟುಕೊಂಡು ಸುಮ್ಮನೆ ಜಾರಿಕೊಂಡು ಹೋದೆ. ಕೆಳಗೆ ನಿಂತು ತಿರುಗಿ ನೋಡಿದರೆ ಗಿರಿಜಾ ಇಳಿಜಾರಿನಲ್ಲೂ ತುಳಿಯುತ್ತಾ ಬರುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ.

"ಇಳಿಜಾರಲ್ಲೂ ಯಾರಾದ್ರೂ ತುಳೀತಾರೇನೇ?"

"ತುಳೀಲಿಲ್ಲಂದ್ರ ನಿಲ್ಲತೈತ್ರಿ ಇದು," ಎಂದಳು ಏದುಸಿರು ಬಿಡುತ್ತಾ.

ಮರುದಿನ ಕುಣಿಗಲ್ಲಿನ ಲಾಡ್ಜಿನಿಂದ ಹೊರಡುವಾಗ ಅವಳು ಮತ್ತೆ ಹೇಳಿದಳು, ಹಿಂದಿನ ಗಾಲಿ ಏನೋ ಹಿಡಿದಂತಾಗುತ್ತದೆ ಎಂದು. ನಾನು ಚೀಲ ಬಿಚ್ಚಿ, ಸೈಕಲ್ಲನ್ನು ಎತ್ತಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿ ತೋರಿಸಿದೆ. ಅದು ಗಿರ್ರೆಂದು ತಿರುಗಿತು. "ನೋಡು, ಚೆನ್ನಾಗೇ ಇದೆ. ನಿಂಗೆ ರೂಢಿ ಇಲ್ಲ ಅಷ್ಟೆ. ನಾಲ್ಕು ದಿನಕ್ಕೆ ಸರಿಹೋಗತ್ತೆ," ಎಂದೆ. ಅವಳು ಗಾಲಿಯನ್ನು ಒಂದು ಗಳಿಗೆ ನೋಡಿ, ಹೂಂ ಎಂದು ಚೀಲವನ್ನು ಮತ್ತೆ ಕಟ್ಟಿಕೊಂಡಳು.

ಮಾತಾಡಿಕೊಂಡು ಹೋಗುವುದು ಆಗಲಿಲ್ಲ. ನಾನು ಯಾವಾಗಲೂ ಎರಡು ಮೂರು ಕಿಲೋಮೀಟರು ಮುಂದಿರುತ್ತಿದ್ದೆ. ನಿಧಾನಕ್ಕೆ ತುಳಿಯೋಣ ಎಂದು ಹೊರಟರೂ ನನ್ನ ಸೈಕಲ್ ಕೇಳುತ್ತಿರಲಿಲ್ಲ. ಟೊಂಗೆ ಇಡುವುದು, ಕಾಯುವುದು, ಅವಳು ಬಂದ ಕೂಡಲೇ ಹೊರಡುವುದು. ನನಗಾಗಲೇ ವಿಶ್ರಾಂತಿ ಆಗಿರುತ್ತಿತ್ತು, ಅವಳಿಗೆ ಆಗಿರುತ್ತಿರಲಿಲ್ಲ.

ಒಂದು ಸಂಜೆ ಮಾತ್ರ ಬೇರೆ ಇತ್ತು. ತಿಪಟೂರು ದಾಟಿ ಒಂದು ಹಳ್ಳಿಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ನಿಂತಿದ್ದೆವು. ಕಣದಲ್ಲಿ ರಾಗಿ ತೂರುತ್ತಿದ್ದ ಅಜ್ಜನೊಬ್ಬ ಕನ್ನಡಕದ ಕಡ್ಡಿಗೆ ದಾರ ಸುತ್ತಿ ಕಿವಿಗೆ ಕಟ್ಟಿಕೊಂಡಿದ್ದ. ಗಿರಿಜಾ ಅದನ್ನು ಬಿಡಿಸಿಕೊಂಡು, ನನ್ನ ಪಂಚರ್ ಡಬ್ಬಿಯಿಂದ ವಾಲ್‌ಟ್ಯೂಬಿನ ರಬ್ಬರು ಕೊಳವೆಯ ಒಂದು ತುಂಡು ತೆಗೆದು ಮುರಿದ ಜಾಗಕ್ಕೆ ಏರಿಸಿ ಬಿಗಿ ಮಾಡಿದಳು. ದುಪಟ್ಟಾದ ತುದಿಯಿಂದ ಗಾಜು ಒರೆಸಿ ಹಾಕಿದಳು. "ಈಗ ಕಾಣತೈತೇನು ಅಜ್ಜಾ?" ಎಂದು ಎರಡು ಬೆರಳು ಎತ್ತಿ ಹಿಡಿದಳು. ಅಜ್ಜ ಬೆರಳುಗಳನ್ನು ಬಿಟ್ಟು ಅವಳ ಮುಖವನ್ನೇ ನೋಡಿ, "ಕಾಣ್ತದೆ ಕಣವ್ವ, ಬಲು ಸುಸ್ತಾಗಿದೀಯ," ಎಂದ. ಎಲ್ಲರೂ ನಕ್ಕೆವು. ಆ ಸಂಜೆ ಕಣದ ಪಕ್ಕ ಹಸಿ ಅವರೆಕಾಯಿ ಸುಟ್ಟುಕೊಂಡು ತಿನ್ನುತ್ತಾ ಅವಳು ಏನನ್ನೋ ಹೇಳಲು ಹೊರಟಿದ್ದಳು. ನಾನು ನಾಳೆಯ ದಾರಿ ಎಷ್ಟು ದೂರ ಎಂದು ಮೊಬೈಲಿನಲ್ಲಿ ನೋಡುತ್ತಿದ್ದೆ.

ಮರುದಿನ ಹುಳಿಯಾರಿನಿಂದ ಹೊಸದುರ್ಗದ ಕಡೆ ಹೋಗುವ ಒಳದಾರಿ ಹಿಡಿದೆವು. ಹತ್ತೂವರೆಯ ಹೊತ್ತಿಗೆ ದಾರಿ ಎರಡಾಗಿ ಒಡೆಯಿತು. ನಾನು ಎಡಗಡೆಯ ದಾರಿಯ ಮೇಲೆ ಹೊಂಗೆ ಟೊಂಗೆ ಇಟ್ಟು, ಕಲ್ಲು ಹೇರಿ ಮುಂದೆ ಹೋದೆ. ಐದು ಕಿಲೋಮೀಟರು ಆಚೆ ಒಂದು ದೊಡ್ಡ ಹುಣಸೆಮರ, ಅದರ ಕೆಳಗೆ ಟೀ ಗುಡಿಸಲು. ಹನ್ನೊಂದು ಗಂಟೆಗೆ ಅಲ್ಲಿ ಕೂತೆ.

ಹನ್ನೊಂದೂವರೆಗೆ ಬರಬೇಕಿತ್ತು, ಬರಲಿಲ್ಲ. ಹನ್ನೆರಡಾಯಿತು. ಒಂದಾಯಿತು. ಮೊದಲು ಸಿಟ್ಟು ಬಂತು, ಎಲ್ಲೋ ಯಾರದೋ ಕನ್ನಡಕ ರಿಪೇರಿ ಮಾಡುತ್ತಾ ಕೂತಿದ್ದಾಳೆ ಎಂದು. ಬಿದ್ದಿರಬಹುದೇ ಎನ್ನಿಸಿದಾಗ, ಬಿದ್ದಿದ್ದರೆ ಈ ದಾರಿಯಲ್ಲಿ ಬರುವ ಯಾರಾದರೂ ಹೇಳುತ್ತಿದ್ದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಪತ್ರ ನೆನಪಾಯಿತು. ಹಿಂದಕ್ಕೆ ಹೋಗಿ ಹುಳಿಯಾರಿನಲ್ಲಿ ಹುಬ್ಬಳ್ಳಿ ಕಡೆಯ ಬಸ್ಸು ಹತ್ತಿರಬಹುದು. ಸುತ್ತ ಖಾಲಿ ಹೊಲ, ದೂರದಲ್ಲಿ ಒಂದು ಟ್ರಾಕ್ಟರಿನ ಸದ್ದು, ಮರದಿಂದ ಆಗಾಗ ಪಟಕ್ಕೆಂದು ಬೀಳುವ ಹುಣಸೆಕಾಯಿ. ಇವಳಿಲ್ಲದಿದ್ದರೆ ನನಗೆ ಈ ಲೋಕದಲ್ಲಿ ಊಟಕ್ಕೆ ಬಾ ಎನ್ನುವ ಒಂದು ದನಿಯೂ ಇಲ್ಲ ಎಂದು ಆವತ್ತು ಆ ಕಲ್ಲಿನ ಮೇಲೆ ಕೂತು ತಿಳಿದುಕೊಂಡೆ. ತಿಳಿದುಕೊಂಡವನು ಎದ್ದು ಹೋಗಬೇಕಿತ್ತು. ಕೂತೇ ಇದ್ದೆ.

ಟೀ ಮಾರುತ್ತಿದ್ದ ಹೆಂಗಸಿಗೇ ತಡೆಯಲಾಗಲಿಲ್ಲ. "ಒಂದ್ಸಲ ಹಿಂದಕ್ಕೋಗಿ ನೋಡ್ಕೊಂಡು ಬರಬಾರ್ದೇ ಸಾಮಿ?"

"ನಾನು ಹೋದಾಗ ಅವಳು ಬೇರೆ ದಾರೀಲಿ ಇಲ್ಲಿಗೆ ಬಂದ್ರೆ? ಇಲ್ಲೇ ಕಾಯ್ಬೇಕು ಅಂತ ಮಾತಾಗಿದೆ," ಎಂದೆ.

"ಬಂದ್ರೆ ನಾನಿಲ್ವೇ ಹೇಳಕ್ಕೆ," ಎಂದು ಆಕೆ ಗೊಣಗಿಕೊಂಡು ಲೋಟ ತೊಳೆಯಲು ಹೋದಳು.

ಮೂರು ಗಂಟೆಗೆ ಒಂದು ಲಗೇಜು ಆಟೋ ಬಂದು ನಿಂತಿತು. ಹಿಂದೆ ಮಲಗಿಸಿದ್ದ ಸೈಕಲ್, ಅದರ ಪಕ್ಕ ಹುರುಳಿ ಚೀಲಗಳ ಮೇಲೆ ಗಿರಿಜಾ. ಆದದ್ದು ಇಷ್ಟು. ನಾನು ಟೊಂಗೆ ಇಟ್ಟು ಹೋದ ಸ್ವಲ್ಪ ಹೊತ್ತಿಗೆ ಊರಿನವರು ಆ ದಾರಿಯ ಮೇಲೆಯೇ ಹುರುಳಿ ಗಿಡ ಹರಡಿದ್ದರು. ಹೋಗಿಬರುವ ಗಾಡಿಗಳ ಚಕ್ರ ಹರಿದು ಕಾಳು ಬಿಡಲೆಂದು ಸುಗ್ಗಿಯಲ್ಲಿ ಅಲ್ಲೆಲ್ಲ ಹಾಗೆಯೇ ಮಾಡುತ್ತಾರೆ. ನನ್ನ ಟೊಂಗೆ, ಕಲ್ಲು ಎರಡೂ ಮೊಣಕಾಲೆತ್ತರದ ಹುರುಳಿಯ ಅಡಿಗೆ ಹೋಗಿದ್ದವು. ಬಲಗಡೆಯ ದಾರಿಯಲ್ಲಿ ಯಾರೋ ಆಡಿಗೆ ಒಯ್ಯುತ್ತಿದ್ದ ಸೊಪ್ಪಿನ ಕಟ್ಟಿನಿಂದ ಜಾರಿದ ಒಂದು ಟೊಂಗೆ ಬಿದ್ದಿತ್ತು. ಕಲ್ಲು ಉರುಳಿಹೋಗಿರಬೇಕು ಎಂದುಕೊಂಡು ಅವಳು ಅತ್ತ ಹೋಗಿದ್ದಳು. ಮುಂದಿನ ಕವಲಿನಲ್ಲಿ ಟೊಂಗೆ ಕಾಣದಾಗ ತಪ್ಪಿದೆ ಎಂದು ಗೊತ್ತಾಗಿ, ನಿಯಮದಂತೆ ಅಲ್ಲೇ ನಿಂತಿದ್ದಳು. ಯಾರೂ ಸುಳಿಯದ ಕಡೆ, ಒಂದು ಬೇಲಿಯ ನೆರಳಿನಲ್ಲಿ, ಮೂರು ಗಂಟೆಗಳ ಕಾಲ. ಕಡೆಗೆ ನಿಯಮ ಮುರಿದು, ಆ ದಾರಿಯಲ್ಲಿ ಬಂದ ಆಟೋಗೆ ಕೈ ಅಡ್ಡ ಹಿಡಿದಿದ್ದಳು. ಹುಣಸೆಮರದ ಕೆಳಗೆ ಸೈಕಲ್ಲಿನ ಒಬ್ಬರು ಬೆಳಗ್ಗೆಯಿಂದ ಕೂತೇ ಇದ್ದಾರೆ ಎಂದು ಆಟೋದವನು ಹೇಳಿದನಂತೆ.

ಅವಳು ಇಳಿದು ನೀರು ಕುಡಿದಳು. ಮುಖದ ಮೇಲೆ ಧೂಳು, ಧೂಳಿನ ಮೇಲೆ ಎರಡು ಗೆರೆ. ನನ್ನ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿದಳು.

"ನಾ ಬರದಿದ್ರ ಎಷ್ಟೊತ್ತು ಕೂಡ್ತಿದ್ರಿ?"

"ನೀನು ಬರೋ ತನಕ," ಎಂದೆ.

ಒಬ್ಬ ಗಂಡ ಹೆಂಡತಿಗೆ ಕೊಡಬಹುದಾದ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ ಎಂದು ನನಗೆ ಮನಸ್ಸಿನಲ್ಲಿಯೇ ಹೆಮ್ಮೆಯಾಯಿತು. ಅವಳು ಎದ್ದು ಸೈಕಲ್ ನಿಲ್ಲಿಸಿಕೊಂಡಳು. ಆಮೇಲಿನ ನಾಲ್ಕು ದಿನ ಹೊಸದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ ಎಲ್ಲ ದಾಟಿದೆವು. ಮೆಕ್ಕೆಜೋಳದ ರಾಶಿಗಳು, ಕರಿಮಣ್ಣು, ಬಯಲಿನ ಒಣಗಾಳಿ ಬಂದವು. ಅವಳು ಒಂದು ದಿನವೂ ದಾರಿ ತಪ್ಪಲಿಲ್ಲ, ಗಾಲಿಯ ವಿಷಯವನ್ನು ಮತ್ತೆ ಎತ್ತಲೂ ಇಲ್ಲ.

ಸಂಕ್ರಾಂತಿಯ ಹಿಂದಿನ ದಿನ ಸವಣೂರು ತಲುಪಿದೆವು. ಹಬ್ಬದ ಊಟವಾದ ಮೇಲೆ ತನ್ನ ಅಣ್ಣನ ಮನೆಯ ಹಿತ್ತಿಲಲ್ಲಿ ಕೈ ತೊಳೆಯುತ್ತಾ ಗಿರಿಜಾ ಹೇಳಿದಳು. "ಹುಬ್ಬಳ್ಳಿಗೆ ಹೊಕ್ಕೀನ್ರಿ ನಾ. ಆ ಪತ್ರ ನೀವು ನೋಡೀರಿ, ನನಗ ಗೊತ್ತೈತಿ. ನೋಡ್ಲಿ ಅಂತನ ಮ್ಯಾಲ ಇಟ್ಟಿದ್ದೆ. ಕೇಳ್ತೀರೇನೋ ಅಂತ ದಾರಿತುಂಬ ನೋಡಿದೆ."

ಹೋಗಬೇಡ ಎಂಬ ಮಾತು ಗಂಟಲಲ್ಲೇ ಇತ್ತು. ಹತ್ತು ದಿನದಿಂದ ಅದನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಆದರೆ ಹೊರಗೆ ಬಂದದ್ದು, "ನಿನ್ನಿಷ್ಟ," ಎಂಬ ಮೂರಕ್ಷರದ ಸಿಟ್ಟು. ಹೋದರೆ ಹೋಗಲಿ, ನಾಲ್ಕು ತಿಂಗಳಲ್ಲಿ ಬೇಸರವಾಗಿ ತಾನೇ ಬರುತ್ತಾಳೆ, ಬಂದಾಗ ನಾನು ಅದೇ ಮನೆಯಲ್ಲಿ ಇರುತ್ತೇನಲ್ಲ ಎಂದುಕೊಂಡೆ. ಸೈಕಲ್ ಇಡಲು ಹುಬ್ಬಳ್ಳಿಯಲ್ಲಿ ಜಾಗವಿಲ್ಲ, ನೀವೇ ಒಯ್ಯಿರಿ ಎಂದಳು. ಎರಡನ್ನೂ ಲಾರಿಗೆ ಹಾಕಿಸಿ ನಾನು ಬಸ್ಸಿನಲ್ಲಿ ಬಂದೆ. ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಆರೋಗ್ಯ, ಮಳೆ, ಅವರಿವರ ಮದುವೆ. ಜಗಳವಿಲ್ಲ. ನಮ್ಮದು ಬೇರೆಯಾದ ಮನೆ ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ನಾವೂ ಹೇಳಿಕೊಂಡಿಲ್ಲ.

ನಂಜುಂಡಪ್ಪನವರು ಗಿರಿಜಾಳ ಸೈಕಲ್ಲಿಗೆ ಗಾಳಿ ಹಾಕಿ, ಅದರ ಮೇಲೆ ತಾವೇ ಕೂತು ನಾಲ್ಕು ಮಾರು ಓಡಿಸಿ ನೋಡಿದರು. ಇಳಿದು ಬಂದು, ಹಿಂದಿನ ಗಾಲಿ ಬಿಚ್ಚಿ, ಆಕ್ಸಲ್ ಹೊರಗೆಳೆದು ನೆಲದ ಮೇಲೆ ಉರುಳಿಸಿದರು. ಅದು ಅಂಕುಡೊಂಕಾಗಿ ಉರುಳಿತು.

"ಆಕ್ಸಲ್ ಬೆಂಡಾಗಿದೆ ಸಾರ್. ಇದರಲ್ಲೇ ದೂರ ಹೋಗಿದ್ರಾ?"

"ಸವಣೂರಿಗೆ. ಇಲ್ಲಿಂದ."

ಅವರು ನನ್ನ ಮುಖ ನೋಡಿದರು. ಆಮೇಲೆ ಬ್ರೇಕಿನ ಎರಡು ರಬ್ಬರುಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಒಂದು ಹೊಸದರ ಹಾಗಿತ್ತು. ಇನ್ನೊಂದು ಪೂರ್ತಿ ಸವೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ರಿಮ್ಮಿನ ಆ ಬದಿಯಲ್ಲಿ ಬೆರಳಿಗೆ ಸಿಗುವಷ್ಟು ಆಳದ ಗೆರೆ ಬಿದ್ದಿತ್ತು.

"ಬ್ರೇಕ್ ಹಿಡ್ಕೊಂಡೇ ಓಡಿದೆ ಇದು. ಎತ್ತಿ ತಿರುಗಿಸಿದ್ರೆ ಗೊತ್ತಾಗಲ್ಲ, ಚೆನ್ನಾಗೇ ತಿರುಗತ್ತೆ. ಮೇಲೆ ಜನ ಕೂತಾಗ ಹಿಡಿಯತ್ತೆ. ಯಾರ್ ತುಳಿದ್ರೋ ಪಾಪ, ಕಾಲು ಬಿದ್ದುಹೋಗಿರಬೇಕು."

ನಾನು ರಸ್ತೆಗೆ ಬಂದು ನಿಂತೆ. ಭಾನುವಾರವಲ್ಲ, ಬೆಳಗಿನ ಹನ್ನೊಂದು ಗಂಟೆ, ಅವಳು ಕ್ಲಿನಿಕ್ಕಿನಲ್ಲಿರುವ ಹೊತ್ತು. ಆದರೂ ಫೋನು ಮಾಡಿದೆ. ಹಿಂದಿನ ಗಾಲಿಯ ವಿಷಯ ಹೇಳಿದೆ, ಆಕ್ಸಲ್, ರಬ್ಬರು, ಗೆರೆ, ಎಲ್ಲವನ್ನೂ ತೊದಲುತ್ತಾ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ನಾ ಹೇಳಿದ್ನೆಲ್ರಿ," ಎಂದಳು.

"ಹೌದು. ಹೇಳಿದ್ದೆ."

ಯಾರಿಗೋ ಆಚೆ ಕೂಡಲು ಹೇಳುವ ಅವಳ ದನಿ ಕೇಳಿಸಿತು. ಬಾಗಿಲು ಹಾಕಿದ ಸದ್ದಾಯಿತು. ನನಗೆ ಎಲ್ಲಿಂದ ಧೈರ್ಯ ಬಂತೋ, "ಗಿರಿಜಾ, ನಾನೇ ಬರ್ತೀನಿ. ಹುಬ್ಬಳ್ಳಿಗೆ. ಇವತ್ತೇ ಹೊರಡ್ತೀನಿ," ಎಂದೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಈಗ ಬ್ಯಾಡ್ರಿ. ಇಲ್ಲಿ ನಂದು ಎಲ್ಲಾ ಒಂದು ಹದಕ್ಕ ಬಂದೈತಿ," ಎಂದಳು. "ಅವತ್ತು ಆ ಕವಲಿನ ತನಕ ಬಂದಿದ್ರ ಸಾಕಾಗಿತ್ತು."

ಆಮೇಲೆ, "ನಾಷ್ಟಾ ಆತೇನ್ರಿ?" ಎಂದು ಕೇಳಿದಳು. ಆಯಿತು ಎಂದೆ. ಆಗಿರಲಿಲ್ಲ.

ನಂಜುಂಡಪ್ಪನವರು ಹೊಸ ಆಕ್ಸಲ್ ಹಾಕಿ, ರಬ್ಬರು ಬದಲಿಸಿ, ಸೀಟನ್ನು ನನ್ನ ಎತ್ತರಕ್ಕೆ ಏರಿಸಿ ಕೊಟ್ಟರು. ನನ್ನ ಸೈಕಲ್ಲಿಗೆ ಟ್ಯೂಬು ಬೇಕು, ನಾಳೆ ಬನ್ನಿ ಎಂದರು. ಹಳೆಯ ರಬ್ಬರನ್ನು ಜೇಬಿಗೆ ಹಾಕಿಕೊಂಡು ಅವಳ ಸೈಕಲ್ಲನ್ನೇ ಹತ್ತಿದೆ. ಶ್ರೀನಗರದ ಇಳಿಜಾರಿನಲ್ಲಿ ನಾನು ತುಳಿಯಲಿಲ್ಲ. ಅದು ತನ್ನಷ್ಟಕ್ಕೆ, ಒಂದಿಷ್ಟೂ ಸದ್ದಿಲ್ಲದೆ ಕೆಳಗಿನವರೆಗೆ ಜಾರಿಕೊಂಡು ಹೋಯಿತು. ಇಷ್ಟು ಹಗುರವಾದ ಸೈಕಲ್ಲನ್ನು ಅವಳು ಒಂದು ದಿನವೂ ಓಡಿಸಿರಲಿಲ್ಲ.